ಸುಮ್ಮನೆ ಬಂದೆ, ಸ್ವಾಮಿ

ನಮ್ಮ ಕಡೆಯವರಿಗೆ ಒಂದು ದುರಭ್ಯಾಸವಿದೆ; ಅದನ್ನು ನಾವು ಮರ್ಯಾದೆ ಎಂದು ಕರೆಯುತ್ತೇವೆ. ಕೆಲಸವಿಟ್ಟುಕೊಂಡು ಯಾರ ಮನೆಗಾದರೂ ಹೋದರೆ ಹೋದ ಕೂಡಲೇ ಕೆಲಸದ ಮಾತೆತ್ತುವುದಿಲ್ಲ. "ಏನು ಬಂದದ್ದು?" ಎಂದರೆ "ಏನಿಲ್ಲ, ಸುಮ್ನೆ ಬಂದೆ" ಎನ್ನಬೇಕು. ಆಮೇಲೆ ಮಳೆ, ಮಂಡಿನೋವು, ಮಕ್ಕಳ ಓದು, ಈ ಸಲದ ಹುರುಳಿ. ಕಾಫಿ ಬರುತ್ತದೆ, ಲೋಟ ಖಾಲಿಯಾಗುತ್ತದೆ, "ಬರ್ತೀನಿ ಹಾಗಾದ್ರೆ" ಎಂದು ಎದ್ದು ಚಪ್ಪಲಿ ಮೆಟ್ಟುತ್ತೇವೆ. ಬಾಗಿಲ ಚೌಕಟ್ಟಿನ ಮೇಲೆ ಕೈ ಬಿದ್ದಾಗ, ಈಗ ತಾನೇ ನೆನಪಾಯಿತು ಎನ್ನುವ ಮುಖ ಮಾಡಿ, ಹಿಂದಕ್ಕೆ ತಿರುಗಿ, "ಅಂದ ಹಾಗೆ..." ಎನ್ನುತ್ತೇವೆ. ಬಂದ ವಿಷಯ ಹೊರಗೆ ಬರುವುದು ಆಗ. ನನ್ನ ಮದುವೆಯೂ ಹೀಗೆ ಚೌಕಟ್ಟು ಹಿಡಿದೇ ನಿಶ್ಚಯವಾದದ್ದು. ನಮ್ಮ ಮಾವ ಬಂದವರೇ ಎರಡು ಗಂಟೆ ಕಾಲ ತಮ್ಮ ಹಸುವಿನ ಗುಣಗಾನ ಮಾಡಿದರು. ಪಾಪ, ಹಸು ಮಾರಲು ಬಂದಿದ್ದಾರೆ ಎಂದು ನಮ್ಮಪ್ಪ ಒಳಗೊಳಗೇ ಲೆಕ್ಕಾಚಾರ ಶುರುಮಾಡಿದ್ದರು. ಮಾವ ಹೊಸ್ತಿಲು ದಾಟುವಾಗ ಮಗಳ ಮಾತೆತ್ತಿದರು. ಹಸು ಕೊನೆಗೂ ಬರಲಿಲ್ಲ.

ನನ್ನ ಉದ್ಯೋಗವೂ ಈ ಅಭ್ಯಾಸವನ್ನು ಗಟ್ಟಿ ಮಾಡಿತು. ಮೈಸೂರಿನ ಒಂದು ಕಚೇರಿಯಲ್ಲಿ ಹುಟ್ಟು-ಸಾವು ಬರೆದುಕೊಳ್ಳುವ ಕಿಟಕಿಯ ಹಿಂದೆ ಕೂರುವವನು ನಾನು. ಪಕ್ಕದ ಹಳ್ಳಿ ಬೋಗಾದಿಯಿಂದ ಒಬ್ಬ ಯಜಮಾನ ಬರುತ್ತಾನೆ ಎನ್ನಿ. "ಏನಯ್ಯಾ?" ಎಂದರೆ "ಏನಿಲ್ಲ ಸ್ವಾಮಿ, ಇಂಗೇ ಬಂದೆ" ಎನ್ನುತ್ತಾನೆ. ರಾಗಿಯ ತೆನೆ ಹೇಗೆ ಬಂದಿದೆ ಎಂದು ಹೇಳುತ್ತಾನೆ, ನನ್ನ ಮಕ್ಕಳನ್ನು ವಿಚಾರಿಸುತ್ತಾನೆ, ಹೊರಟು ನಿಲ್ಲುತ್ತಾನೆ. ಬಾಗಿಲ ಹತ್ತಿರ ಹೋದವನು ಟವೆಲ್ಲನ್ನು ಹೆಗಲಿನಿಂದ ಹೆಗಲಿಗೆ ಹಾಕಿಕೊಂಡು, "ಅಂದಂಗೆ ಸ್ವಾಮಿ, ನಮ್ಮವ್ವ ಓಗ್ಬುಟ್ಲು. ಬರಸ್ಬೇಕಂತಲ್ಲ" ಎನ್ನುತ್ತಾನೆ. ನಾನು ಬರೆದುಕೊಳ್ಳುತ್ತೇನೆ, ಊಟದ ಹೊತ್ತಾಗಿದ್ದರೆ "ನಾಳೆ ಬನ್ನಿ" ಎಂದು ಕಿಟಕಿ ಎಳೆಯುತ್ತೇನೆ. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ನನಗೆ ಇಪ್ಪತ್ತು ವರ್ಷ ಅನ್ನಿಸಿರಲೇ ಇಲ್ಲ.

ಅನ್ನಿಸಿದ್ದು ವಿಲಾಯತಿಗೆ ಹೋದಾಗ. ಗಾಬರಿಯಾಗಬೇಡಿ, ನನ್ನಂಥ ಗುಮಾಸ್ತನಿಗೆ ವಿಮಾನದ ಯೋಗ ತಾನಾಗಿ ಬಂದದ್ದಲ್ಲ. ನನ್ನ ತಮ್ಮ ಪುಟ್ಟಸ್ವಾಮಿ ಅಲ್ಲಿ ಡಾಕ್ಟರಾಗಿದ್ದ. ನಮ್ಮ ಹಳ್ಳಿ ಕಡಕೊಳದ ಹೊಲದಲ್ಲಿ ನನ್ನ ಹಿಂದೆ ಹಿಂದೆ ಓಡಿಬರುತ್ತಿದ್ದವನು, ನಾನೇ ಚಾಮರಾಜಪುರಂನ ಬಾಡಿಗೆ ಮನೆಯಲ್ಲಿಟ್ಟುಕೊಂಡು ಓದಿಸಿದವನು. ಆದರೆ ನಾವಿಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಅಪ್ಪ ಹಾಸಿಗೆ ಹಿಡಿದಾಗ ನಾನು ಅವನಿಗೆ ಕಾಗದ ಬರೆದೆ. "ಇಲ್ಲಿ ಎಲ್ಲರೂ ಕ್ಷೇಮ" ಎಂದು ಶುರುಮಾಡಿ, ಪಕ್ಕದ ಮನೆಯ ಮದುವೆ, ನಲ್ಲಿಯಲ್ಲಿ ನೀರು ಬಾರದ್ದು ಎಲ್ಲ ಬರೆದು, ವಿಮಾನದಂಚೆಯ ಆ ನೀಲಿ ಕಾಗದ ಮಡಿಸುವ ಅಂಚಿನಲ್ಲಿ, "ಅಂದ ಹಾಗೆ, ಅಪ್ಪನಿಗೆ ಸ್ವಲ್ಪ ಆಯಾಸ" ಎಂದು ಸೇರಿಸಿದೆ. ಮೈಸೂರಿನಲ್ಲಿ ಯಾರಿಗೆ ತೋರಿಸಿದರೂ ಅದನ್ನು ಓದಿ ಅಳುತ್ತಿದ್ದರು. ಅಷ್ಟು ದಿನ ಬೇರೆಯವರ ನಡುವೆ ಬಾಳಿದ್ದ ಅವನು ಆಯಾಸಕ್ಕೆ ಒಂದು ಟಾನಿಕ್ಕಿನ ಹೆಸರು ಬರೆದು ಕಳಿಸಿದ. ಅದು ಬಂದು ಮುಟ್ಟಿದ ದಿನ ಅಪ್ಪನ ಹನ್ನೊಂದನೆಯ ದಿನ. ನನಗೆ ಮೈಯೆಲ್ಲ ಉರಿಯಿತು. "ಅಪ್ಪನ ಮುಖ ನೋಡಲು ಬಾರದವನಿಗೆ ಅಣ್ಣನೂ ಇಲ್ಲ" ಎಂದು ಬರೆದೆ. ಆ ಕಾಗದದಲ್ಲಿ ಮಾತ್ರ ನಲ್ಲಿ ನೀರಿನ ವಿಷಯ ಇರಲಿಲ್ಲ, ನೇರವಾಗಿ ಬರೆದಿದ್ದೆ. ಬಯ್ಯಲು ಮಾತ್ರ ನಮಗೆ ಪೀಠಿಕೆ ಬೇಡ, ನೋಡಿ.

ತಪ್ಪು ನನ್ನದೆಂದು ತಿಳಿಯಲು ವರ್ಷಗಳು ಬೇಕಾದವು. ತಿಳಿದ ಮೇಲೂ ಬರೆಯಲಿಲ್ಲ. ಹೀಗಿರುವಾಗ ತಂತಿ ಬಂತು. ಪುಟ್ಟಸ್ವಾಮಿಯ ತಲೆಯೊಳಗೆ ಗಡ್ಡೆ, ಮುಂದಿನ ವಾರ ಆಪರೇಷನ್, ಅಣ್ಣನನ್ನು ನೋಡಬೇಕು ಎನ್ನುತ್ತಾನೆ. ಕಳಿಸಿದವರು ಅವನ ಜೊತೆಯ ಡಾಕ್ಟರುಗಳು. ಟಿಕೀಟನ್ನೂ ಅವರೇ ಕಳಿಸಿದರು, ಪಾಸ್‌ಪೋರ್ಟಿಗೂ ಅವರೇ ಯಾರಿಗೋ ಹೇಳಿಸಿದರು. ಅವ್ವ ಕೋಡುಬಳೆ ಡಬ್ಬ ಕೊಡುತ್ತಾ, "ತಪ್ಪು ನಂದು ಕಣಪ್ಪ ಅಂತ ಒಂದ್ ಮಾತು ಏಳ್ಬುಟ್ಟು ಬಾ ಮಗ. ಅವ್ನು ಅದುನ್ನ ಕೇಳ್ಕಂಡೇ ಆ ಮೇಜಿನ ಮ್ಯಾಲೆ ಮನಗ್ಬೇಕು" ಎಂದಳು. ನನ್ನ ಹೆಂಡತಿ ಜಯಮ್ಮ ಪಕ್ಕದ ಮನೆಯಿಂದ ಎರವಲು ತಂದ ಉಣ್ಣೆಯ ಕೋಟನ್ನು ನನಗೆ ತೊಡಿಸಿ, "ಅಲ್ಲಿ ಹೋಗಿ ಹಸು ಪುರಾಣ ಶುರು ಮಾಡ್ಬೇಡಿ ಕಣ್ರೀ. ಮೊದ್ಲು ವಿಷಯ ಹೇಳಿ" ಎಂದಳು. ಅವಳು ಅದೇ ಹಸುವಿನ ಮನೆಯ ಮಗಳು, ಅವಳಿಗೆ ಗೊತ್ತು.

ಆ ಊರಿನ ವಿಮಾನ ನಿಲ್ದಾಣದ ಹೆಸರು ಬೇಡ, ತಪ್ಪು ಅವರದ್ದಲ್ಲ. ಇಳಿದಾಗ ಮಧ್ಯಾಹ್ನ ಹನ್ನೆರಡು ಗಂಟೆ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಿಡುವುದು ನಾಲ್ಕರಿಂದ ಐದು, ಆಪರೇಷನ್ ಮರುದಿನ ಬೆಳಿಗ್ಗೆ. ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಪಾಸ್‌ಪೋರ್ಟ್ ತೋರಿಸುವ ಸಾಲು ನಮ್ಮ ಕಡೆಯವರಿಗೇ ಬೇರೆ ಇದ್ದಂತಿತ್ತು. ಆಂಜನೇಯನ ಬಾಲದಷ್ಟು ಉದ್ದ, ಸದ್ದೇ ಇಲ್ಲ. ಯಾರೂ ಯಾರನ್ನೂ ತಳ್ಳುತ್ತಿಲ್ಲ, "ಯಾವೂರು?" ಎಂದು ಕೇಳುತ್ತಿಲ್ಲ. ನಮ್ಮ ಊರಿನ ಸೀಮೆಎಣ್ಣೆ ಸಾಲಿನಲ್ಲಿ ನಿಂತು ಕಾಲು ಸೋತರೆ ಡಬ್ಬವನ್ನೋ ಒಂದು ಕಲ್ಲನ್ನೋ ನಮ್ಮ ಜಾಗದಲ್ಲಿಟ್ಟು ನೆರಳಿಗೆ ಹೋಗಿ ಕೂರುತ್ತೇವೆ. ಹಿಂದಿನವರು ಧರ್ಮವಾಗಿ ಅದನ್ನು ಕಾಲಲ್ಲಿ ಮುಂದೆ ಮುಂದೆ ನೂಕುತ್ತಾರೆ. ಅದೇ ನಂಬಿಕೆಯಿಂದ ಕೋಡುಬಳೆ ಡಬ್ಬವನ್ನು ಸಾಲಿನಲ್ಲಿಟ್ಟು ನಾನು ಗೋಡೆಗೊರಗಿ ಕೂತೆ. ಸಾಲು ಡಬ್ಬವನ್ನು ಬಳಸಿಕೊಂಡು ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಪೊಲೀಸಿನವನು ಬಂದು ಅದನ್ನು ದೂರದಿಂದ ನೋಡಿದ, ಹತ್ತಿರದಿಂದ ನೋಡಿದ, ಮುಚ್ಚಳ ತೆಗೆಸಿ ಮೂಸಿದ. ನಾನು ಒಂದನ್ನು ಕಡಿದು ತೋರಿಸಿದ ಮೇಲೆ ಬಿಟ್ಟ, ಆದರೆ ಸಾಲಿನ ಕೊನೆಗೆ ಬಿಟ್ಟ.

ಕೊನೆಗೆ ಕಿಟಕಿ ಸಿಕ್ಕಿತು. ಹಿಂದೆ ಕೂತಿದ್ದವನು ನನಗಿಂತ ಚಿಕ್ಕವನು, ನನಗಿಂತ ಒಳ್ಳೆಯ ಗುಮಾಸ್ತ. ಮುಖವೆತ್ತಿ ನೋಡಿ, ಮರ್ಯಾದೆಯಾಗಿ, ಈ ದೇಶಕ್ಕೆ ಯಾಕೆ ಬಂದಿರಿ ಎಂದು ಕೇಳಿದ. ದೇವರಾಣೆಗೂ ಜಯಮ್ಮನ ಮಾತು ನೆನಪಿತ್ತು. ತಂತಿ ಕೋಟಿನ ಒಳಜೇಬಿನಲ್ಲೇ ಇತ್ತು. ಆದರೆ ಮುಖಪರಿಚಯವಿಲ್ಲದವನ ಮುಂದೆ, ನಮಸ್ಕಾರ ಕೂಡ ಹೇಳದೆ, ನನ್ನ ತಮ್ಮ ಸಾಯುವ ಹಾಗಿದ್ದಾನೆ ಎಂದು ಹೇಗೆ ಹೇಳುವುದು? ಬಾಯಿ ತನ್ನ ಪಾಡಿಗೆ ತಾನು, "ಸಿಂಪ್ಲಿ, ಸಾರ್" ಎಂದಿತು. ಅವನು ಲೇಖನಿ ಕೆಳಗಿಟ್ಟ. ಎಷ್ಟು ದಿನ ಇರುತ್ತೀರಿ ಎಂದ. ನೋಡೋಣ ಎಂದೆ. ಎಲ್ಲಿ ಇಳಿದುಕೊಳ್ಳುತ್ತೀರಿ ಎಂದ. ಎಲ್ಲಾದರೂ ಆದೀತು, ನೀವು ತೊಂದರೆ ತೆಗೆದುಕೊಳ್ಳಬೇಡಿ ಎಂದೆ. ಇಲ್ಲಿ ನಿಮ್ಮವರು ಯಾರಿದ್ದಾರೆ ಎಂದ. ಆ ವಿಷಯ ಆಮೇಲೆ ಮಾತಾಡೋಣ ಎಂದು ಹೇಳಿ, ನಿಮ್ಮಲ್ಲಿ ಈ ವರ್ಷ ಚಳಿ ಹೇಗೆ ಎಂದು ವಿಚಾರಿಸಿದೆ. ಅವನು ನನ್ನ ಪಾಸ್‌ಪೋರ್ಟನ್ನು ತನ್ನ ಬಳಿಯೇ ಇಟ್ಟುಕೊಂಡು ಪಕ್ಕದ ಬೆಂಚನ್ನು ತೋರಿಸಿದ.

ಬೆಂಚಿನ ಮೇಲೆ ಎರಡು ಗಂಟೆ ಕೂತೆ. ಎದುರಿಗೆ ಗಡಿಯಾರ. ಯಾರನ್ನು ಕೇಳಿದರೂ "ಸ್ವಲ್ಪ ಇರಿ" ಎಂಬ ಉತ್ತರ. ಎಷ್ಟು ಜನರಿಗೆ ನಾನು ಹಾಗೆ ಹೇಳಿದ್ದೇನೆ! ಅವರೆಲ್ಲ ನನ್ನ ಕಚೇರಿಯ ಕಲ್ಲುಬೆಂಚಿನ ಮೇಲೆ ಸತ್ತ ಅವ್ವಂದಿರನ್ನು, ಸತ್ತ ಕೂಸುಗಳನ್ನು ಬಾಯಲ್ಲಿಟ್ಟುಕೊಂಡು ಹೀಗೇ ಕೂತಿದ್ದರಲ್ಲ ಎಂದು ಅಂದು ಮೊದಲ ಸಲ ಹೊಳೆಯಿತು. ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಎರವಲು ಕೋಟಿನ ತೋಳಿನಲ್ಲಿ ಒರೆಸಿಕೊಂಡೆ. ಅದು ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು.

ಮೂರೂವರೆ ದಾಟಿದ ಮೇಲೆ ಒಳಗಿನ ಕೋಣೆಗೆ ಕರೆದರು. ಅಲ್ಲಿದ್ದವರು ನರೆತ ತಲೆಯ ಹಿರಿಯ ಅಧಿಕಾರಿ. ಹಿರಿಯರನ್ನು ಕಂಡರೆ ನಮ್ಮ ರೋಗ ಇನ್ನೂ ಉಲ್ಬಣ. ಅವರ ಆರೋಗ್ಯ ವಿಚಾರಿಸಿದೆ. ಮಕ್ಕಳೆಷ್ಟು ಎಂದು ಕೇಳಿದೆ. ಅವರು ಕೇಳಿದ್ದಕ್ಕೆಲ್ಲ ವಿನಯದಿಂದ ನಕ್ಕೆ. ಅವರು ನಿಟ್ಟುಸಿರು ಬಿಟ್ಟು, ಹೊರಗೆ ಕೂತಿರಿ, ನಾಳೆ ನಿಮ್ಮನ್ನು ವಾಪಸು ಕಳಿಸುವ ಏರ್ಪಾಡು ಮಾಡುತ್ತೇವೆ ಎಂದರು. ಎದ್ದೆ. ಬಾಗಿಲಿಗೆ ಬಂದೆ. ಕೈ ತಾನಾಗಿ ಚೌಕಟ್ಟನ್ನು ಹಿಡಿಯಿತು, ಕತ್ತು ತಾನಾಗಿ ತಿರುಗಿತು. "ಬೈ ದಿ ಬೈ, ಸಾರ್," ಎಂದೆ, "ಇಲ್ಲಿನ ಆಸ್ಪತ್ರೆಯಲ್ಲಿ ನನ್ನ ತಮ್ಮನಿಗೆ ನಾಳೆ ತಲೆಯ ಆಪರೇಷನ್. ಐದು ಗಂಟೆಯೊಳಗೆ ಅವನನ್ನು ನೋಡಬೇಕು."

ಆ ಮನುಷ್ಯ ಕುರ್ಚಿಯಿಂದ ಎದ್ದು ನಿಂತರು. ತಂತಿಯನ್ನು ಓದಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಬಯ್ದರೂ ತಡೆದುಕೊಳ್ಳುತ್ತಿದ್ದೆ, ಅವರ ದನಿ ಮೆತ್ತಗಿತ್ತು. ಮುದ್ರೆ ಬಿತ್ತು, ಟ್ಯಾಕ್ಸಿ ಬಂತು, ಅವರೇ ಬಾಗಿಲು ತೆಗೆದು ಕೂರಿಸಿದರು.

ಆಸ್ಪತ್ರೆಯ ಕೋಣೆ ಸೇರಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಪುಟ್ಟಸ್ವಾಮಿಯ ತಲೆ ಬೋಳಿಸಿದ್ದರು. ಚಿಕ್ಕಂದಿನಲ್ಲಿ ಮುಡಿ ಕೊಟ್ಟ ದಿನ ಹೇಗಿದ್ದನೋ ಹಾಗೇ ಇದ್ದ, ಕಣ್ಣುಗಳು ಮಾತ್ರ ಒಳಗೆ ಹೋಗಿದ್ದವು.

"ಅಣ್ಣ," ಎಂದ. "ಇಷ್ಟು ದೂರ ಯಾಕಣ್ಣ ಬಂದೆ?"

"ಏನಿಲ್ಲ ಕಣೋ," ಎಂದೆ. "ಸುಮ್ನೆ ಬಂದೆ."

ಅವನು ನಕ್ಕ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಹತ್ತು ನಿಮಿಷದಲ್ಲಿ ಅದನ್ನು ನೂರು ಸಲ ಹೇಳಬಹುದಿತ್ತು. ನಾನು ಅವ್ವನ ಮಂಡಿನೋವು ಹೇಳಿದೆ. ಚಾಮರಾಜಪುರಂ ಸ್ಟೇಷನ್ನಿನ ಹತ್ತಿರದ ಹೋಟೆಲು ಮುಚ್ಚಿದ್ದು ಹೇಳಿದೆ. ಕೋಡುಬಳೆ ಡಬ್ಬವನ್ನು ಪೊಲೀಸಿನವನು ಮೂಸಿದ್ದು ಹೇಳಿದಾಗ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಹಂಗೇ ಇದ್ದೀಯ ಬುಡಣ್ಣ ನೀನು" ಎಂದು ನನ್ನ ಕೈ ಹಿಡಿದುಕೊಂಡ. ಗಂಟೆ ಹೊಡೆಯಿತು. ನರ್ಸಮ್ಮ ಬಂದಳು. ಎದ್ದೆ. ಬಾಗಿಲಿಗೆ ಬಂದೆ. ಚೌಕಟ್ಟು ಹಿಡಿದು ತಿರುಗಿ, "ಅಂದ ಹಾಗೆ, ಪುಟ್ಟಸ್ವಾಮಿ..." ಎಂದೆ.

"ಏನಣ್ಣ?" ಎಂದು ಅವನು ದಿಂಬಿನಿಂದ ತಲೆಯೆತ್ತಿದ. ನರ್ಸಮ್ಮ ಅವನ ಭುಜವನ್ನು ಮೆಲ್ಲಗೆ ಒತ್ತಿ ಮಲಗಿಸುತ್ತಾ ನನ್ನ ಕಡೆ ನೋಡಿದಳು. ಅವಳ ಎದುರಿಗೆ ನನಗೆ ಸಂಕೋಚವಾಯಿತು. ಕನ್ನಡ ಬಾರದ ಹೆಂಗಸಿನ ಎದುರಿಗೆ, ನೋಡಿ.

"ನಾಳೆ ಹೇಳ್ತೀನಿ ಬುಡು," ಎಂದೆ.

ಮರುದಿನ ಹತ್ತು ಗಂಟೆಗೆ ಡಾಕ್ಟರು ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಮಧ್ಯಾಹ್ನ ಅಲ್ಲಿಯ ಸಾವು ಬರೆಸುವ ಕಚೇರಿಗೆ ಕಳಿಸಿದರು. ಅಲ್ಲೂ ಒಂದು ಕಿಟಕಿ, ಅಲ್ಲೂ ನನ್ನಂಥ ಒಬ್ಬ. ಏನು ಬಂದಿರಿ ಎಂದು ಅವನು ಕೇಳಿದ. "ನನ್ನ ತಮ್ಮ ತೀರಿಕೊಂಡ, ಬರೆಸಲು ಬಂದೆ" ಎಂದೆ. ನಾನು ಹುಟ್ಟಿದಾಗಿನಿಂದ, ಬಂದ ವಿಷಯವನ್ನು ಮೊದಲ ಮಾತಿಗೇ ಹೇಳಿದ್ದು ಅದೇ ಮೊದಲು. ಎಷ್ಟು ಸುಲಭವಾಗಿತ್ತು!

ಊರಿಗೆ ಬಂದೆ. ಅವ್ವ ಅತ್ತು ಮುಗಿಸಿದ ಮೇಲೆ ಕೇಳಿದ್ದು ಒಂದೇ: "ಏಳ್ದೇನಪ್ಪಾ, ಆ ಮಾತ?" "ಹೇಳ್ದೆ ಕಣವ್ವ" ಎಂದೆ. "ಏನಂದ?" "ನಕ್ಕ" ಎಂದೆ, ಅದು ನಿಜವೇ. ಅವ್ವ ಬೇರೆ ಏನೇನೋ ಕೇಳಿದಳು, ಅಲ್ಲಿ ಅನ್ನ ಸಿಗುತ್ತದೆಯೇ, ಚಳಿ ಎಷ್ಟು ಎಂದೆಲ್ಲ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಅಡಿಗೆಮನೆಗೆ ಹೊರಟಳು. ಹೊಸ್ತಿಲ ಮೇಲೆ ನಿಂತು, ಚೌಕಟ್ಟಿಗೆ ಕೈಯೂರಿ, ತಿರುಗದೆಯೇ, "ಅಂದಂಗೆ ಮಗ, ನೀ ಏಳಿಲ್ಲ ಅಂತ ನಂಗೊತ್ತು ಕಣ ಬುಡು. ನಿಮ್ಮಪ್ಪನೂ ಅಂಗೇಯ" ಎಂದು ಒಳಗೆ ಹೋದಳು.

ಈಗ ನನ್ನ ಕಿಟಕಿಗೆ ಬಂದವರನ್ನು ನಾನು ಕೂರಲು ಹೇಳುವ ಮೊದಲೇ ಕೇಳುತ್ತೇನೆ: ಏನಾಯಿತು, ಹೇಳಿಬಿಡಿ. ಊಟದ ಹೊತ್ತೆಂದು ಕಿಟಕಿ ಎಳೆಯುವುದನ್ನೂ ಬಿಟ್ಟಿದ್ದೇನೆ. ವಿಲಾಯತಿಗೆ ಹೋಗಿ ಬಂದ ಮೇಲೆ ಈ ಮನುಷ್ಯನಿಗೆ ಮರ್ಯಾದೆಯೇ ಹೋಯಿತು ಎಂದು ಬೋಗಾದಿಯವರು ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ಆದರೆ ಕೋಡುಬಳೆ ಮಾಡಿದ ದಿನ ನಾನು ಒಂದನ್ನು ಕೈಯಲ್ಲಿ ಹಿಡಿದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತುಬಿಡುತ್ತೇನೆ. ಜಯಮ್ಮ ಬಾಗಿಲಿಗೆ ಬಂದು, "ಯಾಕ್ರೀ, ಹೀಗೆ ಕೂತ್ಬುಟ್ರಿ?" ಎಂದು ಕೇಳುತ್ತಾಳೆ.

"ಏನಿಲ್ಲ ಕಣೇ," ಎನ್ನುತ್ತೇನೆ. "ಸುಮ್ನೆ."