ಜಗಳ ಸಾಲದೆಂದು ವಾಪಸಾದ ಅರ್ಜಿ

ಜಗಳ ಬಿಡಿಸುವ ತರಬೇತಿಗೆ ಸರ್ಕಾರದ ಅನುದಾನ ಹಂಚುವ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿಯ ಫ್ಯಾನು, ಮೊಹರು, ಕುರ್ಚಿಗಳೆಲ್ಲ ಕ್ಷೇಮವೆಂದು ನಂಬಿ, ನಮ್ಮ ಬೀದಿಯ ಮೂವತ್ತೆರಡು ಮನೆಗಳ ಪರವಾಗಿ ನಮಸ್ಕಾರಗಳು. ನಮ್ಮ ಅರ್ಜಿಯನ್ನು ತಾವು ತಿರಸ್ಕರಿಸಿದ ಪತ್ರ ತಲುಪಿತು. ಇಷ್ಟು ಮರ್ಯಾದೆಯಿಂದ ನನಗೆ ಯಾರೂ ‘ಇಲ್ಲ’ ಎಂದಿರಲಿಲ್ಲವಾದ್ದರಿಂದ ಮೂರು ಸಲ ಓದಿಕೊಂಡೆ. ಕಳೆದ ಮೂರು ವರ್ಷಗಳಲ್ಲಿ ನಮ್ಮ ಬೀದಿಯಿಂದ ಠಾಣೆಗೆ ಒಂದೂ ದೂರು ಹೋಗಿಲ್ಲ, ಆದ್ದರಿಂದ ನಮ್ಮದು ಜಗಳಪೀಡಿತ ಪ್ರದೇಶವಲ್ಲ, ತರಬೇತಿ ಕೊಡಲು ನಿಯಮವಿಲ್ಲ ಎಂದಿದ್ದೀರಿ. ಪಕ್ಕದ ಬಡಾವಣೆಗೆ ಮಂಜೂರಾಗಿದೆಯಂತೆ. ಸಂತೋಷ. ಅವರು ಕಷ್ಟಪಟ್ಟು ಹೊಡೆದಾಡಿದ್ದಾರೆ.

ತಪ್ಪು ನನ್ನ ಯಜಮಾನರದು. ಅವರದು ಬೀದಿಯ ತುದಿಯಲ್ಲಿ ಕ್ಷೌರದ ಅಂಗಡಿ. ಯಾರಾದರೂ ಇಬ್ಬರು ಕೊರಳಪಟ್ಟಿ ಹಿಡಿಯುವ ಹಂತಕ್ಕೆ ಬಂದರೆ ಇಬ್ಬರನ್ನೂ ಎಳೆತಂದು, ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂರಿಸಿ, ಕೆನ್ನೆಯಿಂದ ಗಂಟಲವರೆಗೆ ಸೋಪಿನ ನೊರೆ ಬಳಿದು, “ಬಾಯಿ ತೆಗೀಬೇಡ್ರಪ್ಪ, ನೊರೆ ಒಳಗೆ ಹೋಗುತ್ತೆ” ಎಂದು ಹೇಳಿ ತಾವು ಪತ್ರಿಕೆ ಓದುತ್ತ ಕೂತುಬಿಡುತ್ತಿದ್ದರು. ತನ್ನದೂ ವೈರಿಯದೂ ಬಿಳಿ ಮೂತಿಗಳನ್ನು ಕನ್ನಡಿಯಲ್ಲಿ ಕಾಲು ಗಂಟೆ ನೋಡಿದವನು ಆಮೇಲೆ ಯಾವ ಬಾಯಲ್ಲಿ ಬೈದಾನು? ಹೀಗೆ ಇಪ್ಪತ್ತಾರು ವರ್ಷ, ಸರ್ಕಾರದ ದಾಖಲೆಗೆ ಸೇರಬೇಕಿದ್ದ ಜಗಳಗಳನ್ನೆಲ್ಲ ಅವರು ತೊಳೆದು ಚರಂಡಿಗೆ ಬಿಟ್ಟರು. ಅದು ಸಾರ್ವಜನಿಕ ಆಸ್ತಿಯ ನಷ್ಟವೆಂದು ನಮಗೆ ತಿಳಿಯಲಿಲ್ಲ. ಎಂಟು ತಿಂಗಳ ಹಿಂದೆ ತೀರಿಕೊಂಡರು. ನೋಟಿಸು ಕಳಿಸುವುದಾದರೆ ದಯವಿಟ್ಟು ನನಗೇ ಕಳಿಸಿ. ಈಗಲೂ ದಿನಾ ಬೆಳಗ್ಗೆ ಅಂಗಡಿ ತೆರೆದು, ಕನ್ನಡಿ ಒರೆಸಿ, ಮತ್ತೆ ಮುಚ್ಚುತ್ತೇನೆ. ಯಾಕೆಂದು ಬರೆಯಲು ತಮ್ಮ ಅರ್ಜಿಯಲ್ಲಿ ಜಾಗವಿರಲಿಲ್ಲ.

ಅವರು ಹೋದ ಮೇಲೆ ನಮ್ಮಲ್ಲೂ ಪ್ರಗತಿಯಾಗಿದೆ. ವೆಲ್ಡಿಂಗ್ ಅಂಗಡಿಯ ಕಿಡಿ ಹಾರಿ ಟೈಲರರ ಗಿರಾಕಿಯ ಹೊಸ ಅಂಗಿಗೆ ತೂತು ಬಿತ್ತು. ಟೈಲರು ಬಟ್ಟೆಚೂರುಗಳನ್ನೆಲ್ಲ ವೆಲ್ಡಿಂಗಿನವರ ಬಾಗಿಲಿಗೆ ಗುಡಿಸಿದರು. ಬೈಗುಳ ಈಗ ಮುತ್ತಜ್ಜಂದಿರವರೆಗೆ ತಲುಪಿದೆ. ಎರಡು ತಿಂಗಳ ಹಿಂದೆ ಒಂದು ಸೋಮವಾರ ಒಬ್ಬರ ಕೈಯಲ್ಲಿ ಕಬ್ಬಿಣದ ಸರಳು, ಇನ್ನೊಬ್ಬರ ಕೈಯಲ್ಲಿ ದೊಡ್ಡ ಕತ್ತರಿ. ನಾನು ನಡುವೆ ಹೋಗಿ ನಿಂತೆ. “ಅತ್ತಿಗೆ, ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ಇವನನ್ನ ಮುಗಿಸಿ ಮಾತಾಡೋಣ” ಎಂದು ಇಬ್ಬರೂ ಗೌರವದಿಂದಲೇ ಹೇಳಿದರು. ನನಗೆ ಅಳು ಬಂತು. ಅವರಿಗೆ ಮುಜುಗರವಾಗಿ ವಾಪಸು ಹೋದರು. ಮುಂದಿನ ಸಲಕ್ಕೆ ಅಷ್ಟು ಕಣ್ಣೀರು ನನ್ನಲ್ಲಿ ಉಳಿದಿದೆಯೋ ಇಲ್ಲವೋ ಹೇಳಲಾರೆ. ಅದಕ್ಕೇ ತರಬೇತಿ ಕೇಳಿದ್ದು.

ಇದನ್ನು ತಮ್ಮ ಗುಮಾಸ್ತರಿಗೆ ವಿವರಿಸಿದಾಗ, “ಯಾರಿಗಾದ್ರೂ ಏಟು ಬಿದ್ದಿದ್ಯೇನಮ್ಮ? ಬಿದ್ಮೇಲೆ ಬನ್ನಿ, ಖಂಡಿತ ಮಾಡ್ಕೊಡೋಣ” ಎಂದು ಪ್ರೀತಿಯಿಂದ ಕಳಿಸಿದರು. ಇಂಥ ಕರುಣೆಯ ಇಲಾಖೆಗೆ ತೊಂದರೆ ಕೊಡಲು ಸಂಕೋಚವಾದರೂ ಕೆಲವು ವಿಷಯ ತಿಳಿಸಬೇಕೆಂದು ಬೇಡುತ್ತೇನೆ. ಏಟು ತಲೆಗೇ ಬೀಳಬೇಕೋ, ಕೈಕಾಲು ಮುರಿದರೂ ನಡೆದೀತೋ? ಒಂದೇ ತಲೆ ಸಾಕೋ, ಜೆರಾಕ್ಸ್ ಪ್ರತಿಗಳಂತೆ ಮೂರು ಬೇಕೋ? ಇದ್ಯಾವುದೂ ಆಗದಿದ್ದರೆ ಪಕ್ಕದ ಬಡಾವಣೆಯಲ್ಲಿ ಉಳಿದಿರುವ ಒಂದೆರಡು ಜಗಳಗಳನ್ನು ನಮಗೆ ಎರವಲು ಕೊಡಿಸಿ. ತಪಾಸಣೆ ಮುಗಿದ ಕೂಡಲೇ ಜೋಪಾನವಾಗಿ ಹಿಂದಿರುಗಿಸುತ್ತೇವೆ.

ಸದ್ಯ ತಲೆ ನೆಟ್ಟಗಿರುವ,
ತಮ್ಮ ವಿಶ್ವಾಸಿ,
ಕ್ಷೌರದ ಅಂಗಡಿಯವರ ಹೆಂಡತಿ

ತಾ.ಕ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ನಿನ್ನೆ ಮತ್ತೆ ಜಗಳವಾಯಿತು. ಸರಳು ಬೀಸಿದ್ದು ಟೈಲರಿಗೆ, ತಗಲಿದ್ದು ನನ್ನ ತಲೆಗೆ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ನನ್ನನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ನಾಲ್ಕು ಹೊಲಿಗೆ ಬಿದ್ದವು. ಅಂತರ ಸರಿಯಿಲ್ಲವೆಂದು ಟೈಲರು ಡಾಕ್ಟರಿಗೆ ಹೇಳಿದರು, ವೆಲ್ಡಿಂಗಿನವರು ಹೌದೆಂದು ತಲೆಯಾಡಿಸಿದರು. ಪೊಲೀಸಿನವರು ಬಂದು ಏನಾಯಿತೆಂದು ಕೇಳಿದಾಗ ಮಾತ್ರ ಇಬ್ಬರೂ ನೆಲ ನೋಡುತ್ತ ನಿಂತರು. ಮೆಟ್ಟಿಲಿಂದ ಜಾರಿ ಬಿದ್ದೆ ಎಂದು ಬರೆಸಿದೆ. ನಮ್ಮ ಬೀದಿಯಲ್ಲಿ ಯಾರ ಮನೆಗೂ ಮೆಟ್ಟಿಲಿಲ್ಲ. ಠಾಣೆಗೆ ಈಗಲೂ ಒಂದೂ ದೂರು ಹೋಗಿಲ್ಲ, ಆದಕಾರಣ ತಾವು ಯಾವ ಅಳುಕೂ ಇಲ್ಲದೆ ನಮ್ಮನ್ನು ಮತ್ತೊಮ್ಮೆ ತಿರಸ್ಕರಿಸಬಹುದು.