ಬಕೆಟ್ಟಿಗೂ ಒಂದು ಜಾತಕ

ನಮ್ಮ ದೊಡ್ಡಪ್ಪ ಮನೆಯ ಯಾವ ಮದುವೆಗೂ ಜಾತಕ ನೋಡಿದವರಲ್ಲ. ಆದರೆ ಜಾತಕ ನೋಡದೆ ಒಂದು ಬಕೆಟ್ಟನ್ನೂ ಮನೆಯೊಳಗೆ ಬಿಟ್ಟುಕೊಂಡವರಲ್ಲ!

ಅವರ ಬಳಿ ಒಂದು ನೋಟುಬುಕ್ಕಿತ್ತು. ಒಂದೊಂದು ವಸ್ತುವಿಗೆ ಒಂದೊಂದು ಪುಟ, ಪುಟಕ್ಕೆ ಮೂರು ಸಾಲು: ಜನನ, ಜೀವನ, ಮರಣ. ಎಲ್ಲಿ ಹುಟ್ಟಿತು, ಹುಟ್ಟುವಾಗ ಯಾರಿಗೆ ತೊಂದರೆ ಕೊಟ್ಟಿತು, ಎಷ್ಟು ಕಾಲ ಬಾಳುತ್ತದೆ, ಸತ್ತ ಮೇಲೆ ಹೆಣ ಎಲ್ಲಿಗೆ? ಉತ್ತರ ಹೊಳೆದರೆ ಊಟದ ನಡುವೆ ಎದ್ದು ಹೋಗಿ ಎಡಗೈಯಲ್ಲಿ ಬರೆದು ಬರುತ್ತಿದ್ದರು. ಹೊಳೆಯದಿದ್ದರೆ ಊಟವೇ ಇಲ್ಲ, ಜಗಲಿಯ ಆ ತುದಿಯಿಂದ ಈ ತುದಿಗೆ ನಡಿಗೆ.

ರಿಪ್ಪನ್‌ಪೇಟೆಯಲ್ಲಿ ನಮ್ಮ ಮನೆಯ ಎದುರಿಗಿದ್ದ ಅಂಗಡಿಯವರು ಇವರನ್ನು ಕಂಡರೆ ಗೋದಾಮಿನೊಳಗೆ ಸರಿಯುತ್ತಿದ್ದರು. ಒಮ್ಮೆ ಸಿಕ್ಕಿಬಿದ್ದರು.

“ಈ ಪ್ಲಾಸ್ಟಿಕ್ ಬಕೆಟ್ಟು ಸತ್ತಮೇಲೆ ಎಂತ ಮಾಡೂದು?”

“ಇನ್ನೊಂದು ತಗಳೂದು.”

“ಇದನ್ನ ಎಲ್ಲಿ ಹಾಕೂದು ಅಂತ ಕೇಳಿದ್ದು.”

“ಮೊದ್ಲು ತಗಳಿ ಮಾರಾಯ್ರೆ. ಹುಟ್ಟಿದ್ ದಿನವೇ ತಿಥಿ ಮಾಡ್ಬೇಡಿ.”

ಮೇಳಿಗೆ ಊರಿನ ಮದುವೆಯೊಂದರಲ್ಲಿ ತಾಂಬೂಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ದೊಡ್ಡಪ್ಪ ಆ ಕವರನ್ನೂ ಒಂದು ಬಾಳೆ ಎಲೆಯನ್ನೂ ಗೊಬ್ಬರದ ಗುಂಡಿಯಲ್ಲಿ ಜೊತೆಯಾಗಿ ಹೂತರು. ಎಲೆ ಒಂದೇ ಮಳೆಗಾಲದಲ್ಲಿ ಮಣ್ಣಾಯಿತು. ಕವರನ್ನು ತಿಂಗಳಿಗೊಮ್ಮೆ ಅಗೆದು ತೆಗೆದು, ತೊಳೆದು, ಪರೀಕ್ಷಿಸಿ, ಮತ್ತೆ ಹೂಳುತ್ತಿದ್ದರು.

“ಎಂತ ಆಯ್ತು?” ದೊಡ್ಡಮ್ಮ ಅಡುಗೆಮನೆಯಿಂದ ಕೇಳುತ್ತಿದ್ದರು.

“ಇನ್ನೂ ಜೀವ ಹೋಗ್ಲಿಲ್ಲ.”

“ನಿಮ್ಮ ಅಮ್ಮನ ಕಡೇದೇ ಇರ್ಬೇಕು.”

ಇದೆಲ್ಲ ನನಗೆ ತಮಾಷೆಯಾಗಿಯೇ ಇತ್ತು, ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಮನೆಗೆ ಬರುವವರೆಗೆ. ಉಪನ್ಯಾಸಕರ ಹುದ್ದೆಯ ಪರೀಕ್ಷೆಗೆ ಆರು ವಾರ ಉಳಿದಿತ್ತು. ಕೈಗೆಟಕುವಂಥ ಬೇರೆ ಕೆಲಸ ನನ್ನ ಕಣ್ಣಿಗೆ ಕಂಡಿರಲಿಲ್ಲ. ಬೀದಿಯ ಎಲ್ಲ ಮನೆಗಳಲ್ಲೂ ಕರೆಂಟು, ನಮ್ಮಲ್ಲಿ ಮಾತ್ರ ಚಿಮಣಿ ದೀಪ. ಕೇಳಿದಾಗೆಲ್ಲ ದೊಡ್ಡಪ್ಪನದು ಒಂದೇ ಉತ್ತರ: “ಅದರ ಜಾತಕ ಇನ್ನೂ ಆಗ್ಲಿಲ್ಲ ಮಾರಾಯ್ತಿ.”

ಸರಿ, ನಾನೇ ಮಾಡಿದೆ! ಎರಡು ಪುಟ ಬರೆದುಕೊಂಡು ಹೋಗಿ ಅವರೆದುರು ನಿಂತು ಓದಿದೆ. ಸೀಮೆಎಣ್ಣೆ: ಜನನ, ಯಾವುದೋ ದೇಶದ ನೆಲದಡಿ. ಜೀವನ, ಹಡಗು, ರೈಲು, ಲಾರಿ, ಡಬ್ಬಿ. ಮರಣ, ನನ್ನ ಮೂಗಿನಲ್ಲಿ. ಕರೆಂಟು: ಜನನ, ಇಲ್ಲೇ ಸಾಗರದ ಆಚೆ, ಕಾರ್ಗಲ್ಲಿನ ಹತ್ತಿರ, ಬರೀ ನೀರಿನಿಂದ. ಹೊಗೆಯಿಲ್ಲ, ಮಸಿಯಿಲ್ಲ, ಯಾರಿಗೂ ತೊಂದರೆಯಿಲ್ಲ.

ದೊಡ್ಡಪ್ಪ ಅಷ್ಟನ್ನೂ ಕೂತು ಕೇಳಿದರು. ಅವರು ಕೂತದ್ದೇ ನನಗೆ ವಿಚಿತ್ರವೆನಿಸಬೇಕಿತ್ತು. “ಲೆಕ್ಕಾಚಾರ ಚೊಲೋ ಇದೆ” ಎಂದು ಎದ್ದು ಹೊರಗೆ ಹೋದರು.

ಗೆದ್ದ ಹುಮ್ಮಸ್ಸಿನಲ್ಲಿ ನನ್ನ ಪುಟಗಳನ್ನು ಸೇರಿಸೋಣವೆಂದು ಅವರ ನೋಟುಬುಕ್ಕು ತೆರೆದೆ. ಕರೆಂಟಿನ ಪುಟ ಮೊದಲನೆಯದೇ ಆಗಿತ್ತು; ಶಾಯಿ ಕಂದಿತ್ತು. ‘ಜನನ’ದ ಎದುರಿಗೆ ಒಂದು ಊರಿನ ಹೆಸರು. ನಮ್ಮ ಊರು. ನಾನು ತೊಟ್ಟಿಲಲ್ಲಿದ್ದಾಗ, ಆ ಕರೆಂಟಿಗಾಗಿ ಕಟ್ಟಿದ ಅಣೆಕಟ್ಟಿನ ನೀರು ಏರಿ ಮುಳುಗಿದ್ದು. ಆಮೇಲೆಯೇ ನಾವೆಲ್ಲ ಪೇಟೆಗೆ ಬಂದದ್ದು. ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬರೆಯುವಾಗ ನೆನಪಾಗಲಿಲ್ಲ. ಉಳಿದೆರಡು ಸಾಲು ಖಾಲಿ.

ನಾನು ಮತ್ತೆ ಕರೆಂಟಿನ ಮಾತೆತ್ತಲಿಲ್ಲ. ಎರಡು ವಾರದ ನಂತರ, ನಾನು ಹೇಳದೆಯೇ, ಲೈನ್‌ಮನ್ ಬಂದು ಏಣಿ ಹಾಕಿದ. ಅದೇ ಸಂಜೆ ಎದುರಂಗಡಿಯವರು ನನ್ನನ್ನು ಕರೆದು, “ನಿಮ್ಮ ದೊಡ್ಡಪ್ಪಂಗೆ ಹುಷಾರಿಲ್ವ? ಬಲ್ಬು ತಗಂಡ್ರು, ಒಂದು ಮಾತೂ ಕೇಳ್ದೆ ಹೋದ್ರು” ಎಂದರು.

ಮನೆಗೆ ಬಂದರೆ ದೊಡ್ಡಪ್ಪ ಸ್ಟೂಲಿನ ಮೇಲೆ ನಿಂತು, ನನ್ನ ಮೇಜಿನ ಮೇಲೆ ಬಲ್ಬು ತಿರುಗಿಸುತ್ತಿದ್ದರು. ಇಳಿದು ಸ್ವಿಚ್ಚು ಒತ್ತಿ, ಸ್ವಲ್ಪ ಹೊತ್ತು ಬೆಳಕನ್ನೇ ನೋಡಿದರು.

“ಓದು ಮಗಾ. ನಮ್ಮೂರಿಂದ ಬಂದದ್ದು. ಸುಮ್ನೆ ಉರಿಸ್ಬೇಡ.”

ಈಗ ಯಾರ ಮನೆಗೆ ಹೋದರೂ, ಖಾಲಿ ಕೋಣೆಯಲ್ಲಿ ದೀಪ ಉರಿಯುವುದು ಕಂಡರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮಾತಿನ ನಡುವೆಯೇ ಎದ್ದು ಹೋಗಿ ಆರಿಸಿ ಬರುತ್ತೇನೆ. ನನ್ನ ಬೆನ್ನ ಹಿಂದೆ, ಹುಡುಗಿ ಸ್ವಲ್ಪ ವಿಚಿತ್ರ ಎನ್ನುತ್ತಾರಂತೆ.