ಅಗಸಿಯವರೆಗೆ ನಿಧಾನ ನಡೆಯಲೊಲ್ಲದ ಎಂಜಿನ್ ಸಾಹೇಬರಿಗೆ

ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ಟಿನಡಿ ವಾಸವಾಗಿರುವ, ಪೂರ್ವಾಶ್ರಮದಲ್ಲಿ ದಾಂಡೇಲಿಗೆ ಬಿದಿರು ಹೊರುತ್ತಿದ್ದ ಸಣ್ಣ ಲಾರಿಯ ಹೃದಯವಾಗಿದ್ದ, ಸದ್ಯಕ್ಕೆ ನಮ್ಮ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಬಿಡಾರ ಹೂಡಿರುವ ಮಾನ್ಯ ಎಂಜಿನ್ ಸಾಹೇಬರ ಸನ್ನಿಧಾನಕ್ಕೆ, ಸಾಂಬ್ರಾಣಿ ಊರಿನ ಕಡೆಯ ಶಂಕ್ರಪ್ಪನು ಗ್ರೀಸು ಹತ್ತಿದ ಕೈಗಳನ್ನು ಒರೆಸಿಕೊಂಡು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ಬೆಳಿಗ್ಗೆ ತಾವು ಎದ್ದ ಸಮಾಚಾರ ಕೆರೆಯ ಆಚೆ ದಂಡೆಯವರಿಗೂ ತಲುಪುತ್ತದೆ. ಎದುರು ಮನೆಯ ಕೆಂಚವ್ವ ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಎದ್ದರೇನಪಾ ನಿಮ್ಮ ದೊರಿ? ನನ್ನ ಚಾ ಎಲ್ಲಾ ತುಳುಕ್ತು ನೋಡು" ಎಂದು ತಮ್ಮ ಆರೋಗ್ಯ ವಿಚಾರಿಸುತ್ತಾಳೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಬೇರೆ ಕಾರಣವಿಲ್ಲ. ಗುಟ್ಟಾಗಿ ಅರಿಕೆ ಮಾಡಿಕೊಂಡದ್ದು ಯಾವುದೂ ತಮ್ಮ ಸದ್ದಿನಲ್ಲಿ ತಮಗೇ ಕೇಳಿಸಲಿಲ್ಲ.

ಮೊದಲಿಗೆ ತಮ್ಮ ಪೂರ್ವಾಧಿಕಾರಿಗಳ ವಿಷಯ. ಅವರು ಸಣ್ಣ ಪೆಟ್ರೋಲ್ ಎಂಜಿನ್, ಮೃದು ಸ್ವಭಾವದವರು. ನನ್ನ ಹೆಂಡತಿ ಮಾಲವ್ವನನ್ನು ಮದುಮಗಳಾಗಿ ಈ ಮನೆಗೆ ಕರೆತಂದವರು ಅವರೇ. ಆಮೇಲೆ ಸುತ್ತಲಿನ ಊರುಗಳ ಮದುಮಕ್ಕಳೆಲ್ಲ ಇದೇ ಕಾರಿನಲ್ಲಿ ಹೋದರು, ಬಂದರು. ಅವರಿಗಿದ್ದದ್ದು ಒಂದೇ ದೌರ್ಬಲ್ಯ: ಘಟ್ಟದ ರಸ್ತೆ ಕಂಡರೆ ಮೈ ಬಿಸಿಯಾಗುತ್ತಿತ್ತು. ಒಮ್ಮೆ ಅಣಶಿ ಏರಿನಲ್ಲಿ ಬೀಗರನ್ನು ತುಂಬಿಕೊಂಡು ಹೋಗುತ್ತಿದ್ದಾಗ ಅವರು ಅನ್ನದ ಪಾತ್ರೆಯಂತೆ ಕುದಿದು ನಿಂತುಬಿಟ್ಟರು. ಹಿಂದಿನಿಂದ ಬಂದ ಕಾರವಾರದ ಬಸ್ಸಿಗೆ ಬೀಗರೆಲ್ಲ ಹತ್ತಿಕೊಂಡು ಹೋದರು, ರಸ್ತೆಯಲ್ಲಿ ನಾನು, ಕಾರು ಮತ್ತು ಕಾರಿನ ಮೇಲೆ ಕೂತಿದ್ದ ಒಂದು ಮಂಗ ಉಳಿದೆವು. ಬಸ್ಸಿನ ಕಿಟಕಿಯಿಂದ ಬೀಗರು ಕೈ ಬೀಸಿದ್ದು ನನಗೋ ಮಂಗಕ್ಕೋ ತಿಳಿಯಲಿಲ್ಲ, ಆದರೆ ಮಾನ ಹೋದದ್ದು ಮಂಗನದಲ್ಲ.

ಆ ಅವಮಾನವನ್ನು ಹೊತ್ತುಕೊಂಡು ಹಳಿಯಾಳದ ಮೆಕ್ಯಾನಿಕ್ ಅಮೀರಸಾಬನ ಗ್ಯಾರೇಜಿಗೆ ಹೋದೆ. ಅವನು ಬಾನೆಟ್ ಎತ್ತಿ ನೋಡಿ, "ಶಂಕ್ರಪ್ಪಣ್ಣಾ, ಇದಕ್ಕ ಘಟ್ಟ ಅಂದ್ರ ಜ್ವರಾನ. ಜಿಗರ್ ಇರೂದು ಒಂದು ಐತಿ ನನ್ನ ಹತ್ರ, ಬಿದಿರು ಹೊತ್ತದ್ದು. ಹಾಕೂಣೇನು?" ಎಂದ. ಗ್ಯಾರೇಜಿನ ಮೂಲೆಯಲ್ಲಿ ತಾಡಪತ್ರಿಯ ಕೆಳಗೆ ತಮ್ಮ ದರ್ಶನವಾಯಿತು. ಲಗ್ನಕ್ಕೆ ಹೆಣ್ಣು ನೋಡಲು ಹೋದಾಗಲೂ ನಾನು ಅಷ್ಟು ಹೊತ್ತು ನಿಂತು ನೋಡಿರಲಿಲ್ಲವೆಂದು ಮಾಲವ್ವ ಇಂದಿಗೂ ಹೇಳುತ್ತಾಳೆ.

ತಮ್ಮ ಪ್ರವೇಶಕ್ಕಾಗಿ ನಾವು ಮಾಡಿದ ಸೇವೆ ತಮಗೆ ತಿಳಿದದ್ದೇ. ಸಣ್ಣ ಮನೆಗೆ ದೊಡ್ಡ ಬೀಗರು ಬಂದಾಗ ಮನೆಯವರು ಗೋಡೆಗೆ ಒತ್ತಿ ನಿಲ್ಲುವಂತೆ ರೇಡಿಯೇಟರು ಮುಂದಕ್ಕೆ ಸರಿದು ಜಾಲರಿಗೆ ಒತ್ತಿಕೊಂಡಿತು, ಬ್ಯಾಟರಿ ಬೇರೆ ಮೂಲೆ ಹುಡುಕಿಕೊಂಡಿತು, ತಮ್ಮ ಭಾರಕ್ಕೆಂದು ಚೌಕಟ್ಟಿಗೆ ಹೊಸ ಕಬ್ಬಿಣ ಬೆಸೆದದ್ದಾಯಿತು, ಬ್ರೇಕು ಹೊಸದಾಯಿತು, ಸಾರಿಗೆ ಕಚೇರಿಯ ಒಪ್ಪಿಗೆಯೂ ಸಿಕ್ಕಿತು. ಆಮೇಲೆ ಪರೀಕ್ಷೆ. ನಾನು ಮತ್ತು ಅಮೀರಸಾಬ ಕಾರಿನ ತುಂಬ ಅಕ್ಕಿ ಚೀಲ ಹೇರಿಕೊಂಡು ಜೋಯಿಡಾ ದಾಟಿ ಅಣಶಿಯವರೆಗೂ ಹೋದೆವು, ಬರುವಾಗ ಬೇಕೆಂದೇ ಸೂಪಾದ ಕಡೆಗೂ ಒಂದು ಸುತ್ತು ಹಾಕಿದೆವು. ಏರು ಎಲ್ಲಿ ಬಂತು, ಎಲ್ಲಿ ಹೋಯಿತು, ನಮಗೆ ಗೊತ್ತೇ ಆಗಲಿಲ್ಲ. ತಮ್ಮಂಥ ಪರಾಕ್ರಮಿಗಳು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲವೆಂದು ನಾನು ಚಹಾದಂಗಡಿಯಲ್ಲಿ ಕೂತು ಸಾರಿದ್ದೇನೆ, ಆ ಮಾತಿಗೆ ಈಗಲೂ ಬದ್ಧನಾಗಿದ್ದೇನೆ.

ಆದರೆ ಮಾನ್ಯರೇ, ಇಷ್ಟೆಲ್ಲ ಊರು ತಿರುಗಿಸಿದ ನಾವು ಗಂಡಸರಿಬ್ಬರೂ ತಮ್ಮನ್ನು ನಮ್ಮದೇ ಓಣಿಯಲ್ಲಿ ನಡಿಗೆಯ ವೇಗದಲ್ಲಿ ಒಮ್ಮೆಯೂ ಓಡಿಸಿ ನೋಡಲಿಲ್ಲ. ಅದನ್ನು ಪರೀಕ್ಷೆ ಮಾಡಬೇಕೆಂದು ನಮಗೆ ಹೊಳೆಯಲೇ ಇಲ್ಲ.

ನಮ್ಮ ಓಣಿಯ ರೀತಿ ತಮಗೆ ಬಿದಿರಿನ ಲಾರಿಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕಾರು ಮನೆಯ ಬಾಗಿಲಿನಿಂದ ಊರ ಹೆಬ್ಬಾಗಿಲಾದ ಅಗಸಿಯವರೆಗೆ ಹೆಂಗಸರ ಹೆಜ್ಜೆಗೆ ಹೆಜ್ಜೆಯಿಟ್ಟು ಹೋಗಬೇಕು. ತಾಯಿ ಕಾರಿನ ಬಾಗಿಲು ಹಿಡಿದು ನಡೆಯುತ್ತಾಳೆ, ಉಳಿದವರು ಹಾಡುತ್ತ ಸುತ್ತಲೂ ಬರುತ್ತಾರೆ. ಪ್ರತಿ ಮನೆಯಿಂದಲೂ ಒಬ್ಬಳು ಹೊರಗೆ ಬಂದು ಕಿಟಕಿಯೊಳಗೆ ಕೈ ಚಾಚಿ ಮದುಮಗಳ ಉಡಿಗೆ ಒಂದು ಹಿಡಿ ಅಕ್ಕಿ ಹಾಕುತ್ತಾಳೆ, ಕಿವಿಯಲ್ಲಿ ಒಂದು ಮಾತು ಹೇಳುತ್ತಾಳೆ. ಕೆಂಚವ್ವನಂಥವರಿಗೆ ಕಟ್ಟೆ ಇಳಿಯಲು ಹೊತ್ತು ಬೇಕು, ಆ ಹೊತ್ತನ್ನು ಕಾರು ಕೊಡಬೇಕು. ಅಳುವವರು ಅತ್ತು ಮುಗಿಸುವುದೂ ಈ ದಾರಿಯಲ್ಲಿಯೇ. ಅಗಸಿ ದಾಟಿದ ಮೇಲೆ ಕಾರು ಬೀಗರದು.

ತಾವು ಸೇವೆಗೆ ಸೇರಿದ ಮೇಲೆ ಮೊದಲು ಹೊರಟವಳು ಪಕ್ಕದ ಮನೆಯ ಕಾಶೆವ್ವನ ಮಗಳು ರೂಪಾಲಿ. ನಾನು ಮೊದಲನೇ ಗೇರು ಹಾಕಿ ಕ್ಲಚ್ಚಿನಿಂದ ಕಾಲನ್ನು ಅರ್ಧ ತೆಗೆದೆನೋ ಇಲ್ಲವೋ, ತಾವು ಅಣಶಿ ಘಟ್ಟವೇ ಎದುರಿಗೆ ಬಂತೆಂದು ತಿಳಿದು ಹಾರಿದಿರಿ. ಬಾಗಿಲು ಹಿಡಿದಿದ್ದ ಕಾಶೆವ್ವನ ಕೈಯಲ್ಲಿ ಕಾರಿಗೆ ಕಟ್ಟಿದ್ದ ಹೂವಿನ ಮಾಲೆಯ ತುದಿ ಉಳಿಯಿತು, ಹಾಡು ಎರಡನೇ ನುಡಿಯಲ್ಲಿಯೇ ಏದುಸಿರಾಯಿತು, ಕೆಂಚವ್ವ ಎಸೆದ ಅಕ್ಕಿ ಡಿಕ್ಕಿಯ ಮೇಲೆ ಬಿತ್ತು. ನಾನು ಬ್ರೇಕು ಒತ್ತಿದಾಗ ಅಗಸಿ ಹಿಂದಿತ್ತು, ದಾಟಿದ ಅಗಸಿಗೆ ಮದುಮಗಳು ಹಿಂದಿರುಗುವಂತಿಲ್ಲ. ಹೆಂಗಸರು ಸೆರಗು ಕಟ್ಟಿಕೊಂಡು ಓಡಿ ಬರುತ್ತಿದ್ದುದನ್ನು ಕನ್ನಡಿಯಲ್ಲಿ ಕಂಡೆ. ಬೀಗರು "ಹೊಡೀರಿ, ಹೊಡೀರಿ, ಹೊತ್ತಾತು" ಎಂದರು.

ನಗುವ ಸಂಗತಿಯೇ, ನಾವೂ ನಕ್ಕೆವು. ಆದರೆ ಹೆಣ್ಣುಮಕ್ಕಳು ತವರಿಗೆ ಬರುವ ನಾಗರಪಂಚಮಿ ಬಂತು. ತವರಿಗೆ ಕಳಿಸಿರೆಂದು ರೂಪಾಲಿ ಕೇಳಿದಾಗ ಅವಳ ಅತ್ತೆ ಹೇಳಿದಳಂತೆ, "ಹೊಂಟಾಗ ತಿರುಗಿ ಸೈತ ನೋಡ್ಲಿಲ್ಲ, ಕಣ್ಣಾಗ ಒಂದು ಹನಿ ಇರಲಿಲ್ಲ, ಈಗೆಲ್ಲಿಂದ ಬಂತವ್ವಾ ತವರಿನ ನೆನಪು?" ಓಡಿದವರು ತಾವು, ಕೆಟ್ಟ ಹೆಸರು ಹೊತ್ತವಳು ಆ ಹುಡುಗಿ. ಕಾಶೆವ್ವ ಆವತ್ತಿನಿಂದ ನಮ್ಮ ಚಪ್ಪರದ ಮುಂದೆ ಹಾಯುವಾಗ ತಮ್ಮ ಕಡೆಗೆ ಮುಖ ತಿರುಗಿಸಿ ನೋಡುವುದಿಲ್ಲ.

ಇಂಥ ಹೊತ್ತಿನಲ್ಲಿ ನನ್ನ ಮಗಳು ಮಧುಮತಿಯ ಲಗ್ನ ಜೋಯಿಡಾದ ಮೌನೇಶನ ಜೊತೆ ಗೊತ್ತಾಯಿತು. ಬೀಗರಾದ ಬಸಲಿಂಗಯ್ಯನವರು ತಮ್ಮ ಕೀರ್ತಿ ಕೇಳಿದ್ದವರು, ಸೊಸೆ ಅದೇ ಕಾರಿನಲ್ಲಿ ಬರಲಿ, ದೀಪ ಹಚ್ಚುವ ಹೊತ್ತಿಗೆ ಮನೆ ತುಂಬಿಸಿಕೊಳ್ಳುತ್ತೇವೆ ಎಂದರು. ನಾನು ಹಿಗ್ಗಿ ಒಳಗೆ ಬಂದರೆ ಮಾಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಘಟ್ಟ ಹತ್ತೂ ಗಾಡಿ ಮಾಡಿಸೀರಿ, ಭಾಳ ಚಲೋ ಆತು. ಮಗಳನ್ನ ಕಳಸೂ ಗಾಡಿ ಎಲ್ಲೈತಿ?"

"ಬ್ಯಾರೆ ಕಾರು ಹೇಳೂಣು ಬಿಡು."

"ನಾ ಈ ಮನಿಗೆ ಬಂದದ್ದು ಅದರಾಗ. ನನ್ನ ಮಗಳೂ ಅದರಾಗ ಹೋಗಬೇಕು. ಆದ್ರ ಆಕಿ ಬಾಗಲಾ ಹಿಡಕೊಂಡು ನಾ ಅಗಸಿತನಕ ನಡೀಬೇಕು, ಓಡಾಕ ನಾ ಏನ್ ಸಾಲಿ ಹುಡುಗಿ ಅಲ್ಲ. ಮಧುಮತಿಗೆ ರೂಪಾಲಿ ಗತಿ ಬಂದ್ರ ನಿಮ್ಮ ಎಂಜಿನ್ ಕೈಲೇನ ರೊಟ್ಟಿ ಬಡಿಸಿಕೋರಿ."

ತಕ್ಷಣ ಅಮೀರಸಾಬನನ್ನು ಕರೆಸಿದೆ. ಅವನು ತಮ್ಮ ವೇಗದ ತಿರುಪನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಕಡೆಗೆ ಬೆವರು ಒರೆಸಿಕೊಂಡು, "ಅಣ್ಣಾ, ರೇಸ್ ಇಳಿಸಿದ್ರ ಮಲೇರಿಯಾ ಬಂದಂಗ ನಡಗತೈತಿ, ಏರಿಸಿದ್ರ ಹಾರತೈತಿ. ನಡುಕ ಬೇಕೋ ಹಾರಾಟ ಬೇಕೋ ನೀನ ಹೇಳು" ಎಂದ. ನಡುಕಕ್ಕೆ ಬಿಟ್ಟು ನೋಡಿದೆವು. ಹಿಂದಿನ ಸೀಟಿನಲ್ಲಿ ಕೂತಿದ್ದ ಮಧುಮತಿಯ ಬಳೆಗಳು ತಾವಾಗಿಯೇ ಸದ್ದು ಮಾಡಿದವು. ಅವಳು ಇಳಿದು ಬಂದು, "ಅಪ್ಪಾ, ಇದರಾಗ ಕುಂತು ಅತ್ತರ ಅಳತಾಳೋ ನಡಗತಾಳೋ ಅಂತ ಯಾರಿಗೂ ತಿಳಿಯೂದಿಲ್ಲ" ಎಂದಳು.

ಆಗ ನಾನು ತಮ್ಮ ಬಾನೆಟ್ ಎತ್ತಿ ನಿಂತು ಖುದ್ದಾಗಿ ಸಲ್ಲಿಸಿದ ಬಿನ್ನಹಗಳು ತಮಗೆ ನೆನಪಿರಬಹುದು. ಅಗಸಿಯವರೆಗಿನ ದಾರಿಯನ್ನು ದಯವಿಟ್ಟು ಘಟ್ಟವೆಂದು ಭಾವಿಸಬಾರದು. ಹಾಡಿನ ಒಂದು ನುಡಿ ಮುಗಿಯುವವರೆಗೆ ಒಂದು ಮನೆಯ ಮುಂದೆ ಉಸಿರು ಹಿಡಿದು ನಿಲ್ಲಬೇಕು. ಸಾಧ್ಯವಾದರೆ ತಮ್ಮ ಸೈಲೆನ್ಸರಿನ ಮೂಲಕ ಒಂದೆರಡು ಬಿಕ್ಕಳಿಕೆಗಳನ್ನು ಕೊಟ್ಟು ದುಃಖದಲ್ಲಿ ಪಾಲ್ಗೊಳ್ಳಬೇಕು. ತಪ್ಪು ತಮ್ಮದಲ್ಲವೆಂದೂ ಆಗಲೇ ಒಪ್ಪಿಕೊಂಡಿದ್ದೆ. ತಾವು ಬಿದಿರು ಹೊತ್ತವರು. ಬಿದಿರು ಅಳುವುದಿಲ್ಲ, ಅದರ ತಾಯಿ ಲಾರಿಯ ಬಾಗಿಲು ಹಿಡಿದು ಕಾಡಿನ ಗಡಿಯವರೆಗೆ ಬರುವುದಿಲ್ಲ. ತಾವು ಉತ್ತರವಾಗಿ ನನ್ನ ಅಂಗಿಯ ಮೇಲೆ ಸ್ವಲ್ಪ ಎಣ್ಣೆ ಸಿಡಿಸಿದಿರಿ.

ಲಗ್ನದ ದಿನ ಬಂತು. ಅಕ್ಷತೆ ಬಿತ್ತು, ಊಟವಾಯಿತು, ಮಧುಮತಿಯನ್ನು ಹಿಂದಿನ ಸೀಟಿನಲ್ಲಿ ಮೌನೇಶನ ಪಕ್ಕದಲ್ಲಿ ಕೂಡಿಸಿದರು. ಬಸಲಿಂಗಯ್ಯನವರು ಮುಂದಿನ ಸೀಟಿನಲ್ಲಿ ಗಡಿಯಾರ ನೋಡುತ್ತ ಕೂತರು. ಮಾಲವ್ವ ಬಾಗಿಲು ಹಿಡಿದಳು. ನಾನು ಮನೆದೇವರನ್ನೂ ತಮ್ಮನ್ನೂ ನೆನೆದು ಕ್ಲಚ್ ಬಿಟ್ಟೆ. ತಾವು ಒಂದು ನೆಗೆತ ನೆಗೆದಿರಿ, ನಾನು ಬ್ರೇಕು ತುಳಿದೆ, ಬೀಗರ ಪೇಟ ಮುಂದಿನ ಗಾಜಿಗೆ ಬಡಿಯಿತು, ಹಾಡು ನಿಂತಿತು. ಹಿಂತಿರುಗಿ ನೋಡಿದರೆ ಮಾಲವ್ವ ಒಂದು ಮಾರು ಹಿಂದೆ ಖಾಲಿ ಕೈ ಚಾಚಿಕೊಂಡು ನಿಂತಿದ್ದಳು.

ಅವಳು ನಡೆದು ಬಂದು ನನ್ನ ಕಿಟಕಿಯ ಹತ್ತಿರ ನಿಂತಳು. "ಬಂದ್ ಮಾಡ್ರಿ" ಎಂದಳು. ಬಂದ್ ಮಾಡಿದೆ. ಕೈ ಒಳಗೆ ಹಾಕಿ ಕೀಲಿಕೈ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಕಾರಿನ ಹಿಂದೆ ಹೋಗಿ ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿ, "ಬರ್ರೆವ್ವಾ" ಎಂದಳು.

ಮೊದಲು ಬಂದವಳು ಕಾಶೆವ್ವ. ಆಮೇಲೆ ಹಳಿಯಾಳದಿಂದ ಊಟಕ್ಕೆ ಬಂದಿದ್ದ ಅಮೀರಸಾಬನ ಹೆಂಡತಿ ಮುಮ್ತಾಜ. ಆಮೇಲೆ ಓಣಿಯ ಹೆಂಗಸರೆಲ್ಲ. ಸಹಾಯಕ್ಕೆಂದು ತೋಳು ಮಡಚಿ ಬಂದ ಗಂಡಸರನ್ನು ಮಾಲವ್ವ ತಡೆದಳು: "ನೀವು ದೂರ ನಿಲ್ರಿ. ನೀವು ದೂಡಿದ್ರ ಓಡತೈತಿ." ಮುಮ್ತಾಜ ಮುಂದಿನ ಕಿಟಕಿಗೆ ಬಗ್ಗಿ, "ಬೀಗರ, ಸಿಟ್ಟಾಗಬ್ಯಾಡ್ರಿ, ಸ್ವಲ್ಪ ಇಳೀರಿ. ಎಂಜಿನ್ ಒಂದ ಸಾಕಷ್ಟು ಭಾರ ಐತಿ" ಎಂದಳು. ಬಸಲಿಂಗಯ್ಯನವರು ಪೇಟ ಸರಿಮಾಡಿಕೊಂಡು ಇಳಿದರು, ನಾಚಿ ಮೌನೇಶನೂ ಇಳಿದ.

ಕಾರು ನಡೆಯಿತು. ಮಾನ್ಯರೇ, ತಮ್ಮ ಸದ್ದಿಲ್ಲದ್ದರಿಂದ ಹಾಡು ಕೊನೆಯ ಮನೆಯವರೆಗೂ ಕೇಳಿಸಿತು. ಪ್ರತಿ ಬಾಗಿಲಿನ ಮುಂದೆ ಹೆಂಗಸರು ಕೈ ಸಡಿಲಿಸಿದರೆ ಕಾರು ತಾನಾಗಿ ನಿಲ್ಲುತ್ತಿತ್ತು. ಕೆಂಚವ್ವ ಕಟ್ಟೆಯ ಮೇಲೆ ಒಮ್ಮೆ ಕೂತು ದಣಿವಾರಿಸಿಕೊಂಡು, ಇಳಿದು ಬಂದು ಅಕ್ಕಿ ಹಾಕಿ, ಮಧುಮತಿಯ ಕಿವಿಯಲ್ಲಿ ಏನೋ ಹೇಳಿ ನಗಿಸಿದಳು. ನಾನು ಗೇರು ತೆಗೆದು ಬರೀ ಸ್ಟೀರಿಂಗ್ ಹಿಡಿದಿದ್ದೆ. ಕನ್ನಡಿಯಲ್ಲಿ ನೋಡಿದರೆ ಮಗಳು ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿ ಕೂತಿದ್ದಳು. ಹಿಂದಿನ ಗಾಜಿನ ಆಚೆ ಮಾಲವ್ವನ ಮುಖವಿತ್ತು. ತಾಯಿ ದೂಡುತ್ತಿದ್ದಳು, ಮಗಳು ಅವಳನ್ನೇ ನೋಡುತ್ತಿದ್ದಳು. ಬಾಗಿಲು ಹಿಡಿದು ಪಕ್ಕದಲ್ಲಿ ನಡೆದಿದ್ದರೆ ಇಬ್ಬರೂ ಇಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಲಾಗುತ್ತಿರಲಿಲ್ಲ.

ಅಗಸಿ ಬಂತು. ಅಲ್ಲಿ ಕಾರು ನಿಂತಿತು. ಹೊತ್ತು ಮುಳುಗುತ್ತಿತ್ತು, ಬೀಗರು ಗಡಿಯಾರವನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡರು. ಕೀಲಿಕೈ ಕೇಳುವ ಧೈರ್ಯ ನನಗೂ ಇರಲಿಲ್ಲ. ಮಾಲವ್ವ ಮುಖ ಒರೆಸಿಕೊಂಡು ಕಿಟಕಿಗೆ ಬಂದು, ಕೀಲಿಕೈಯನ್ನು ನನಗೆ ಕೊಡದೆ ಮಧುಮತಿಯ ಉಡಿಯಲ್ಲಿ ಅಕ್ಕಿಯ ಮೇಲಿಟ್ಟಳು. "ನಿನಗ ಸಾಕು ಅನಿಸಿದಾಗ ನಿಮ್ಮಪ್ಪಗ ಕೊಡವ್ವಾ" ಎಂದಳು. ಮಧುಮತಿ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅವಳೇ ಕೈ ಮುಂದೆ ಚಾಚಿದಳು.

ಆದ್ದರಿಂದ ಮಾನ್ಯರೇ, ತಮ್ಮ ಮೇಲಿನ ನನ್ನ ದೂರನ್ನು ಹಿಂದಕ್ಕೆ ಪಡೆಯಲೋ ಮುಂದುವರಿಸಲೋ ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ. ತಾವು ನಿಧಾನ ಕಲಿತಿದ್ದರೆ ಆ ಸಂಜೆ ನಮಗೆ ಸಿಗುತ್ತಿರಲಿಲ್ಲ. ಅದಕ್ಕಾಗಿ ಕೃತಜ್ಞತೆಗಳು. ಆದರೆ ಆ ದಾರಿಯಲ್ಲಿ ತಾವು ಏನನ್ನೂ ಮಾಡಲಿಲ್ಲವೆಂಬುದನ್ನು ಮಾತ್ರ ಮರೆಯಬಾರದಾಗಿ ಪ್ರಾರ್ಥನೆ.

ಇತಿ, ತಮ್ಮ ಶಕ್ತಿಯಲ್ಲಿ ನಂಬಿಕೆಯನ್ನೂ ತಮ್ಮ ಕ್ಲಚ್ಚಿನಲ್ಲಿ ಭಯವನ್ನೂ ಸಮನಾಗಿ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ
ಶಂಕ್ರಪ್ಪ

ತಾ.ಕ.: ನಿನ್ನೆ ಬಸಲಿಂಗಯ್ಯನವರ ಫೋನು ಬಂದಿತ್ತು. ಅವರ ತಮ್ಮನ ಮಗಳ ಲಗ್ನಕ್ಕೆ ನಮ್ಮ ಕಾರೇ ಬೇಕಂತೆ, ಜೊತೆಗೆ ನಮ್ಮ ಓಣಿಯ ಹೆಂಗಸರೂ ತಪ್ಪದೆ ಬರಬೇಕಂತೆ. ಎಂಜಿನ್ ಸಾಹೇಬರಾದ ತಮ್ಮನ್ನೂ ತರಬೇಕೇ ಎಂದು ವಿಚಾರಿಸಿದೆ. "ಅದು ನಿಮ್ಮಿಷ್ಟರೀ, ತಂದರೂ ನಡೀತೈತಿ" ಎಂದರು.